ಗದ್ದದ ಮೇಲಿನ ಮಚ್ಚೆ

“ನಮ್ಮ ಹುಡುಗಿ ಫೋಟೋ ಎಲ್ಲೈತ್ರಿ ಕಾಕಾ?” ಎಂದು ಸಂಶಿಯ ಸೀರೆ ಅಂಗಡಿಯ ಮಾಲೀಕರನ್ನು ಕೇಳಿದೆ. ಕೇಳುವಾಗ ನಾನು ಆ ಫೋಟೋದ ಕೆಳಗೇ ನಿಂತಿದ್ದೆ.

ಅವರು ನಕ್ಕು ಬಾಗಿಲ ಮೇಲಿನ ಬ್ಯಾನರಿಗೆ ಕೈ ತೋರಿಸಿದರು. “ಅದ ನೋಡ್ರಿ ಅಕ್ಕಾರ, ನಿಮ್ಮ ಹುಡುಗೀನ. ಕಂಪ್ಯೂಟರನ್ಯಾಗ ಜರಾ ಚಂದ ಮಾಡ್ಸೇವ್ರಿ, ಅಷ್ಟ.”

ಅಂಗಡಿಯ ಜಾಹೀರಾತಿಗೆಂದು ಹೊಸ ಇಳಕಲ್ ಸೀರೆ ಉಟ್ಟು ನಿಂತವಳು ಕಾಲೇಜಿಗೆ ಹೋಗುವ ನನ್ನ ಮಗಳು ಶೈಲಾ. ಬ್ಯಾನರಿನಲ್ಲಿ ಸೀರೆ ಮಾತ್ರ ಅದೇ ಇತ್ತು. ಅದನ್ನುಟ್ಟ ಹುಡುಗಿಗೆ ಹಾಲಿನಂಥ ಬಣ್ಣ, ಹಿಡಿಯಷ್ಟು ಸೊಂಟ. ನನ್ನ ತಾಯಿಯಿಂದ ನನಗೆ, ನನ್ನಿಂದ ಅವಳಿಗೆ ಬಂದ ಗದ್ದದ ಕರಿ ಮಚ್ಚೆ ಇರಲೇ ಇಲ್ಲ. ನನಗೆ ಸಿಟ್ಟು ಬಂತು. ಇದನ್ನು ಇಳಿಸಿರಿ ಎನ್ನಬೇಕೆಂದುಕೊಂಡೆ. ಮಗಳಿಗೆ ಇದೇ ಇಷ್ಟವಾಗಿದ್ದರೆ ಎಂದು ಹೆದರಿ ಬಸ್ ಹತ್ತಿದೆ.

ಕುಬಿಹಾಳದ ಮನೆಗೆ ಬಂದರೆ ಅವಳು ಮೊಬೈಲಿನಲ್ಲಿ ಅದೇ ಚಿತ್ರ ಹಿಡಿದು ಕನ್ನಡಿ ಮುಂದೆ ನಿಂತಿದ್ದಳು. ಇನ್ನೊಂದು ಕೈಯ ಬೆರಳಿನಿಂದ ಗದ್ದದ ಮಚ್ಚೆ ಮುಚ್ಚಿಕೊಂಡು ತನ್ನನ್ನೇ ನೋಡಿಕೊಳ್ಳುತ್ತಿದ್ದಳು.

“ಯವ್ವಾ, ಈ ಮಚ್ಚಿ ತೆಗಸಾಕ ಬರ್ತೈತೇನ?” ಎಂದು ಕೇಳುತ್ತ ತಿರುಗಿದವಳು, ನನ್ನ ಗದ್ದ ನೋಡಿ ಬೆರಳು ಕೆಳಗಿಳಿಸಿದಳು.

ಬಸ್ಸು ಆ ಅಂಗಡಿಯ ಮುಂದೆ ಹಾಯುವಾಗ ತಲೆಯೆತ್ತಬಾರದು ಎಂದುಕೊಂಡರೂ ಈಗ ಪ್ರತಿ ಸಲ ನೋಡುತ್ತೇನೆ. ನೋಡಿದಾಗಲೆಲ್ಲ ನನ್ನ ಕೈ ತಾನಾಗಿಯೇ ಸೆರಗನ್ನು ಗದ್ದದ ಮೇಲೆ ಎಳೆದುಕೊಳ್ಳುತ್ತದೆ.