ಪುಕ್ಕಟೆ ತಂತ್ರಾಂಶಕ್ಕೆ ಎಷ್ಟು ತೊಡದೇವು?

ಮೊನ್ನೆ ಮೊಬೈಲಿಗೆ ಹೊಸದೊಂದು ಆಪ್ ಹಾಕಿಕೊಂಡೆ. ನಮ್ಮ ದನಿ ಮುದ್ರಿಸಿಕೊಂಡು ಚೊಕ್ಕ ಮಾಡಿಕೊಡುವ ಆಪ್ ಅದು, ಪುಕ್ಕಟೆ. ಪುಕ್ಕಟೆಯದು ಕಂಡರೆ ಇಳಿಸಿಕೊಂಡು ನೋಡದೆ ಇರಲಾರದ ಚಟ ನನ್ನದು, ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಊಟದ ಮೇಜಿನ ಹತ್ತಿರ ಕೂತು ಎರಡು ಸಾಲು ಗುನುಗಿದೆ. ಒಳಗೆ ನಮ್ಮನೆಯವರು ತೆಂಗಿನಕಾಯಿ ಹೆರೆಯುತ್ತಿದ್ದರು. ಹಾಡು ಮುಗಿದದ್ದೇ ತಡ, ‘ಹಿನ್ನೆಲೆಯ ಗದ್ದಲ ತೆಗೆಯಲೇ?’ ಎಂದು ಆಪ್ ಕೇಳಿತು. ಒತ್ತಲು ಹೋದ ಬೆರಳು ಹಾಗೇ ನಿಂತಿತು. ಸಿದ್ದಾಪುರದ ಶಾರದಕ್ಕ ನೆನಪಾದಳು.

ಶಾರದಕ್ಕನ ವಿಷಯಕ್ಕೆ ಬರುವ ಮೊದಲು ನನ್ನ ಪ್ರತಾಪವನ್ನು ಸ್ವಲ್ಪ ಕೇಳಿಬಿಡಿ. ಎರಡು ಸಾವಿರದ ಆಚೀಚೆ ನಾನು ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ತರಗತಿಯಲ್ಲಿ ಕಲಿಸುತ್ತಿದ್ದೆ. ಜೊತೆಗೆ ಊರಿನ ವಾರಪತ್ರಿಕೆಯಲ್ಲಿ ಒಂದು ಅಂಕಣ, ಪುಕ್ಕಟೆ ಸಿಗುವ ತಂತ್ರಾಂಶಗಳ ವಿಮರ್ಶೆ. ಫೈಲು ಕುಗ್ಗಿಸುವುದು, ವೈರಸ್ ಹಿಡಿಯುವುದು, ಅಳಿಸಿಹೋದ ಫೋಟೋ ಹುಡುಕಿಕೊಡುವುದು, ಹೀಗೆ ದಿನದಿನದ ಕೆಲಸಕ್ಕೆ ಬರುವಂಥವು. ಇಂಟರ್‌ನೆಟ್ಟು ಇತ್ತು, ಆದರೆ ಒಂದು ತಂತ್ರಾಂಶ ಇಳಿಯುವುದರೊಳಗೆ ಯಲ್ಲಾಪುರಕ್ಕೆ ಹೋಗಿ ಚಾ ಕುಡಿದು ಬರಬಹುದಿತ್ತು. ಹಾಗಾಗಿ ಕಂಪ್ಯೂಟರ್ ಮಾಸಿಕಗಳ ಜೊತೆ ಬರುವ ಸಿ.ಡಿ.ಗಳೇ ಗತಿ. ದೊಡ್ಡ ಪತ್ರಿಕೆಗಳವರು ನಕ್ಷತ್ರ ಕೊಡುತ್ತಿದ್ದರು, ನಾನು ತೊಡದೇವು ಕೊಡುತ್ತಿದ್ದೆ. ಕಬ್ಬಿನ ಹಾಲಿನ ಆ ತೆಳ್ಳನೆಯ ಸಿಹಿಯನ್ನು ನಮ್ಮ ಕಡೆ ಬೇಡ ಅನ್ನುವವರನ್ನು ನಾನು ಕಂಡಿಲ್ಲ. ಐದು ತೊಡದೇವು ಅಂದರೆ ಕಣ್ಣು ಮುಚ್ಚಿ ಹಾಕಿಕೊಳ್ಳಿ. ಒಂದು ಅಂದರೆ ನಿಮ್ಮ ಕಂಪ್ಯೂಟರು, ನಿಮ್ಮ ಹಣೆಬರಹ.

ಅಮ್ಮನಿಗೆ ಮಾತ್ರ ಈ ಉದ್ಯೋಗದಲ್ಲಿ ನಂಬಿಕೆ ಇರಲಿಲ್ಲ. ‘ಪುಕ್ಕಟೆ ಕೊಡಲೆ ಅವ್ಕೆ ಎಂತ ಮಳ್ಳನೇ? ಎಂತಾರೂ ಇರ್ತು ಅದ್ರಲ್ಲಿ’ ಅನ್ನುತ್ತಿದ್ದಳು. ಕೊಡುವವರಿಗೇನು ಹುಚ್ಚಲ್ಲ, ಒಳಗೆ ಏನೋ ಇದ್ದೇ ಇರುತ್ತದೆ ಎಂಬ ಅವಳ ಗುಮಾನಿ ಒಂದೆರಡು ಸಲ ನಿಜವೂ ಆಯಿತು. ಚೆಂದದ ಗಡಿಯಾರ ತೋರಿಸುತ್ತೇನೆಂದು ಬಂದ ತಂತ್ರಾಂಶವೊಂದು ತರಗತಿಯ ಕಂಪ್ಯೂಟರನ್ನೇ ಮಲಗಿಸಿತು. ಅದಕ್ಕೆ ತೊಡದೇವಿನ ಚೂರೂ ಸಿಗಲಿಲ್ಲ.

ಹಳೆಯ ಕ್ಯಾಸೆಟ್ಟಿನ ಹಾಡನ್ನು ಚೊಕ್ಕ ಮಾಡಿ ಸಿ.ಡಿ.ಗೆ ಹಾಕಿಕೊಡುವ ಮೂರು ತಂತ್ರಾಂಶಗಳನ್ನು ಹೋಲಿಸಿ ನೋಡುತ್ತೇನೆ ಎಂದು ಒಮ್ಮೆ ಬರೆದಿದ್ದೆ. ಅದನ್ನು ಓದಿಕೊಂಡು ಶಾರದಕ್ಕ ಸಿದ್ದಾಪುರದಿಂದ ಬಸ್ಸು ಹತ್ತಿ ಬಂದಳು. ಸೆರಗಿನ ತುದಿಯಲ್ಲಿ ಸುತ್ತಿಕೊಂಡ ಒಂದು ಕ್ಯಾಸೆಟ್ಟು. ಅವಳ ಗಂಡ ಅಲ್ಲಿಯ ಪೇಟೆಯಲ್ಲಿ ದರ್ಜಿಯಾಗಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತ ಅವಳು ಹಾಡಿಕೊಳ್ಳುತ್ತಿದ್ದದ್ದನ್ನು ನೆಂಟರೊಬ್ಬರು ಟೇಪಿಗೆ ಹಿಡಿದಿದ್ದರಂತೆ.

‘ಟೇಪು ಸವದು ಹೋಗ್ಯದೆ ತಂಗಿ, ಹಾಕ್ದಾಗೆಲ್ಲ ಸಿಕ್ಕಾಗ್ತದೆ’ ಅಂದಳು. ‘ಇದ್ರಲ್ಲಿ ಇದ್ದದ್ದು ಹೋಗ್ಬಾರ್ದು ನೋಡು. ನಂಗೆ ಬೇರೆ ಎಂತದೂ ಉಳದಿಲ್ಲ.’

‘ಚಿಂತೆ ಮಾಡ್ಬೇಡ ಶಾರದಕ್ಕಾ. ಹೊಸ ಕ್ಯಾಸೆಟ್ಟಿಗಿಂತ ಚಲೋ ಮಾಡ್ಕೊಡ್ತೆ’ ಅಂದೆ. ಪ್ರಾಯದ ಹುರುಪು, ಇನ್ನೇನು ಹೇಳಲಿ.

ಹಾಡುಗಳನ್ನು ಕಂಪ್ಯೂಟರಿಗೆ ತುಂಬಿಕೊಳ್ಳುವಾಗ ಕೊನೆಗೆ ಬರುತ್ತಿದ್ದಂತೆ ಟೇಪು ತುಂಡಾಗಿ ಪ್ಲೇಯರಿನೊಳಗೇ ಮುದ್ದೆಯಾಯಿತು. ಹೋದರೆ ಹೋಯಿತು, ಹಾಡು ಕಂಪ್ಯೂಟರಿನಲ್ಲಿದೆಯಲ್ಲ ಎಂದುಕೊಂಡೆ. ಚೊಕ್ಕ ಮಾಡುವ ತಂತ್ರಾಂಶಕ್ಕೆ ಗದ್ದಲ ಯಾವುದೆಂದು ಮೊದಲು ನಾವು ತೋರಿಸಿಕೊಡಬೇಕು. ಹಾಡು ಶುರುವಾಗುವ ಮುಂಚೆ ಹೊಲಿಗೆ ಮಷೀನು ಕಟಕಟ ಅನ್ನುತ್ತಿತ್ತು. ಅದನ್ನೇ ತೋರಿಸಿದೆ. ಎಲ್ಲೆಲ್ಲಿ ಮಷೀನಿತ್ತೋ ಅಲ್ಲೆಲ್ಲ ಗುಡಿಸಿ ಸಾರಿಸಿದ ಹಾಗೆ ತೆಗೆದುಹಾಕಿತು. ಉಳಿದ ದನಿ ಎಷ್ಟು ಸೊಗಸಾಗಿತ್ತೆಂದರೆ ನಾನೇ ತಲೆದೂಗಿ, ಮುದ್ರಿಸಿಕೊಂಡ ಮೊದಲಿನದರ ಮೇಲೆಯೇ ಇದನ್ನು ಉಳಿಸಿ, ಐದು ತೊಡದೇವು ಎಂದು ಬರೆದೂ ಇಟ್ಟೆ.

ಮುಂದಿನ ವಾರ ಶಾರದಕ್ಕ ಬಂದಳು. ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ಹೊಗಳಿಕೆಗೆ ಕಾಯುತ್ತ ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

‘ಮಷೀನು ಎಲ್ಲಿ ತಂಗಿ?’

‘ಅದನ್ನ ತೆಗದೆ ಶಾರದಕ್ಕಾ. ಹಾಡು ಚೊಕ್ಕ ಕೇಳ್ಲಿ ಅಂತ.’

‘ಹಾಡು ನನ್ನ ಬಾಯಲ್ಲೇ ಅದೆ. ಬೇಕಾದ್ರೆ ಈಗ್ಲೇ ಹೇಳ್ತೆ. ಅದ್ಕೆ ಬಸ್ಸು ಹತ್ಕಂಡು ಇಲ್ಲೀವರೆಗೆ ಬರ್ಬೇಕಿತ್ತಾ?’ ದನಿ ಏರಿಸಲಿಲ್ಲ. ‘ಅವ್ರು ಒಂದ್ ದಿನಾನೂ “ಚಲೋ ಹಾಡ್ದೆ” ಅಂದವ್ರಲ್ಲ. ಆದ್ರೆ ನಾ ರಾಗ ಎಳದಲ್ಲಿ ಮಷೀನು ತುಳಿಯೋ ಅವ್ರ ಕಾಲೂ ನಿಧಾನ ಆಗ್ತಿತ್ತು. ನಾ ಉಸ್ರು ತಗಂಡ್ರೆ ಮಷೀನೂ ನಿಲ್ತಿತ್ತು. ಆ ಮಷೀನೂ ಈಗ ಮನೇಲಿಲ್ಲ.’

ಟೇಪು ತುಂಡಾಗಿತ್ತು. ಕಂಪ್ಯೂಟರಿನಲ್ಲಿದ್ದದ್ದನ್ನು ನಾನೇ ಗುಡಿಸಿದ್ದೆ. ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತಿರುವಾಗ ಹೊಳೆಯಿತು. ಮೂರು ತಂತ್ರಾಂಶಗಳ ಹೋಲಿಕೆ ಸರಿಯಾಗಬೇಕೆಂದು ಮೂರಕ್ಕೂ ಒಂದೊಂದು ಪ್ರತಿ ಮಾಡಿಟ್ಟಿದ್ದೆ. ಮೂರನೆಯ ತಂತ್ರಾಂಶವನ್ನು ಸೋಮಾರಿತನದಿಂದ ಇನ್ನೂ ತೆರೆದಿರಲಿಲ್ಲ. ಅದರ ಪ್ರತಿ ಮುಟ್ಟದೆ ಹಾಗೇ ಇತ್ತು.

ಅದನ್ನು ಹಾಕಿದೆ. ಈ ಸಲ ಹೆಡ್‌ಫೋನ್ ಬೇಡವೆಂದು ಸ್ಪೀಕರಿನಲ್ಲೇ ಕೇಳಿದೆವು. ಕಟಕಟ ಶುರುವಾಯಿತು, ಆಮೇಲೆ ಹಾಡು. ಅವಳು ಹೇಳಿದ್ದು ನಿಜ. ಸಾಲು ಉದ್ದವಾದಲ್ಲಿ ಮಷೀನು ನಿಧಾನವಾಗುತ್ತಿತ್ತು, ಉಸಿರಿಗೆ ನಿಲ್ಲುತ್ತಿತ್ತು, ಮತ್ತೆ ಹಾಡಿನ ಜೊತೆಗೇ ಹೊರಡುತ್ತಿತ್ತು. ವಾರವಿಡೀ ಆ ಹಾಡು ಕೇಳಿದ ನನಗೆ ಅದು ಕೇಳಿಸಿಯೇ ಇರಲಿಲ್ಲ. ಮೇಜಿನ ಕೆಳಗೆ ಶಾರದಕ್ಕನ ಪಾದಗಳು ಪೆಡಲ್ ಮೇಲಿದ್ದ ಹಾಗೆ ಏರಿಳಿಯುತ್ತಿದ್ದವು. ‘ಹಾಂ, ಇದೇ. ಇವ್ರೇ’ ಅಂದಳು. ಅವಳೂ ಅತ್ತಳು, ನಾನೂ ಅತ್ತೆ. ಅದನ್ನೇ ಹಾಕಿಕೊಟ್ಟ ಸಿ.ಡಿ.ಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದಳು.

ಆ ವಾರ ನಾನು ತೊಡದೇವು ಹಂಚಲಿಲ್ಲ. ಪಾಪ, ತಂತ್ರಾಂಶ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಗದ್ದಲ ಯಾವುದೆಂದು ಬೆರಳು ಮಾಡಿ ತೋರಿಸಿದವಳು ನಾನು.

ಮೊಬೈಲಿನಲ್ಲಿ ಆಪ್ ಇನ್ನೂ ಕಾಯುತ್ತಿತ್ತು. ಬೇಡ ಅಂದೆ. ಒಳಗೆ ಹೆರೆಯುವ ಸದ್ದು ನಿಂತಿತು.

‘ಸದ್ದಾತನೇ? ಬೇಕಾರೆ ಆಮೇಲೆ ಹೆರೀತೆ’ ಅಂದರು ಇವರು.

‘ನಿಲ್ಸದು ಬ್ಯಾಡ. ಹೆರೀತಾ ಇರಿ’ ಅಂದೆ.

ಮತ್ತೆ ಮೊದಲಿನಿಂದ ಗುನುಗಿದೆ. ನಮ್ಮನೆಯವರಿಗೆ ತಾಳದ ಗಂಧಗಾಳಿ ಇಲ್ಲ, ತಮ್ಮ ಪಾಡಿಗೆ ಹೆರೆಯುತ್ತಲೇ ಇದ್ದರು. ನಾನೇ ಅವರ ಕೈಗೆ ಹೊಂದಿಸಿಕೊಂಡು ಹಾಡಿದೆ.