ಪೂರಿಗಾಲಿಯ ಬಿಳಿ ಬೂದಿ

ಮಂಡ್ಯದಿಂದ ಮಳವಳ್ಳಿಗೆ ನೇರ ಬಸ್ಸಿದೆ ಎಂಬ ನಂಬಿಕೆಯ ಮೇಲೆ ನಾನೂ ಭಾವನವರೂ ಬೆಳಿಗ್ಗೆ ಹೊರಟೆವು. ಬಸ್ಸು ನಮ್ಮನ್ನು ನಂಬದೆ ಮೊದಲೇ ಹೊರಟುಹೋಗಿತ್ತು. ಮದ್ದೂರು ಸುತ್ತಿ ಹೋಗಬೇಕಾಯಿತು.

ರಸಾಯನಶಾಸ್ತ್ರದ ಮೇಷ್ಟರಾಗಿ ನಿವೃತ್ತರಾದ ಭಾವನವರಿಗೆ ಸಿಲಿಕಾನ್ ನೈಟ್ರೈಡ್ ಎಂಬ ಪಿಂಗಾಣಿಯ ಹುಚ್ಚು. ಮದ್ದೂರಿನಲ್ಲಿ ಕಾಫಿ ಆರುವವರೆಗೂ ಅದರ ಮಹಾತ್ಮೆ ನಡೆಯಿತು: ಉಕ್ಕಿಗಿಂತ ಗಟ್ಟಿ, ಉಕ್ಕಿಗಿಂತ ಹಗುರ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೂ ಸುಲಭಕ್ಕೆ ಬಿರಿಯದು.

“ಅದಕ್ಕೆ ಬೇಕಾದ್ದೆಲ್ಲ ನಮ್ಮ ಭತ್ತದ ಹೊಟ್ಟಿನಲ್ಲೇ ಇದೆ ಕಣಯ್ಯ. ಗಾಳಿಯಾಡದಂತೆ ಸುಟ್ಟರೆ ಸಿಲಿಕ, ಇದ್ದಿಲು ಎರಡೂ ಉಳಿಯುತ್ತವೆ. ಸಾವಿರದ ನಾನೂರು ಡಿಗ್ರಿಯಲ್ಲಿ ನೈಟ್ರೋಜನ್ ಹಾಯಿಸಿದರೆ, ಇದ್ದಿಲು ಸಿಲಿಕದಲ್ಲಿರುವ ಆಮ್ಲಜನಕವನ್ನು ಎಬ್ಬಿಸಿಕೊಂಡು ಹೋಗುತ್ತದೆ. ನೈಟ್ರೋಜನ್ ಆ ಜಾಗದಲ್ಲಿ ಕೂರುತ್ತದೆ.”

“ನಮ್ಮ ಬಸ್ಸಿನ ಸೀಟಿನ ಹಾಗೆ,” ಎಂದೆ. ಅವರು ನಗಲಿಲ್ಲ.

ನಗುವ ಹೊತ್ತೂ ಅದಲ್ಲ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಹಳೆಯ ಶಿಷ್ಯನೊಬ್ಬ ಮಾರನೆಯ ದಿನಕ್ಕೆ ಕುಲುಮೆ ಬಿಟ್ಟುಕೊಡಿಸಿದ್ದ. ಆಮೇಲೆ ಅದನ್ನು ಕಳಚಿ ಗುಜರಿಗೆ ಹಾಕುವವರಿದ್ದರು. ಮಳವಳ್ಳಿಯಾಚೆಯ ಪೂರಿಗಾಲಿಯ ಅಕ್ಕಿ ಗಿರಣಿಯಲ್ಲಿ ಭಾವನವರು ಹಿಂದಿನ ವಾರವೇ ಹೊಟ್ಟನ್ನು ಆಮ್ಲದಲ್ಲಿ ತೊಳೆದು, ಮುಚ್ಚಿದ ಡ್ರಮ್ಮಿನಲ್ಲಿ ಕರಿಕು ಮಾಡಿಟ್ಟು ಬಂದಿದ್ದರು. ತರುವುದೊಂದೇ ಬಾಕಿ.

ಪೂರಿಗಾಲಿಯಲ್ಲಿ ಸುಡುಬಿಸಿಲು. ಗಿರಣಿಯ ಒಡತಿ ಜಯಮ್ಮ ಮಜ್ಜಿಗೆ ಕೊಟ್ಟು, ಹೊಸ ಬಟ್ಟೆಯಲ್ಲಿ ಕಟ್ಟಿದ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟರು. ಭಾವನವರು ಬಿಚ್ಚಿದರು. ಒಳಗೆ ಹಾಲಿನಂಥ ಬಿಳಿ ಬೂದಿ.

“ಇದೇನಮ್ಮ?”

“ನಿಮ್ದೇ ಸ್ವಾಮಿ. ಕರ್ರಗಿತ್ತು. ದೊಡ್ಡೋರಿಗೆ ಅಂಗೇ ಕೊಡಾಕಾಯ್ತದಾ? ಬಾಯ್ಲರ್ ಒಲೇಲಿ ಇನ್ನೊಂದ್ ದಪ ಸುಟ್ಟು ಬೆಳ್ಳಗೆ ಮಾಡ್ಸಿವ್ನಿ. ಒಂಚೂರು ಮಸಿ ಇದ್ರೆ ಕೇಳಿ.”

ಬೇಕಾಗಿದ್ದ ಇದ್ದಿಲು ಆ ಮಸಿಯೇ. ಭಾವನವರು ಗಂಟು ಕಟ್ಟಿದರು. “ಚೆನ್ನಾಗಿದೆ ಕಣಮ್ಮ,” ಎಂದರು.

ಹೊರಗೆ ಬಂದ ಮೇಲೆ, ಬೇರೆ ಇದ್ದಿಲು ಬೆರೆಸಬಹುದಲ್ಲ ಎಂದು ಹೇಳಿ ನೋಡಿದೆ.

“ಬೆರೆಸಬಹುದು. ಹೊಟ್ಟೊಂದರಿಂದಲೇ ಆಗುತ್ತದೆ ಅಂತ ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಹೊಸ ಹೊಟ್ಟು ತೊಳೆದು ಸುಡುವುದಕ್ಕೆ ನಾಳೆಯೊಳಗೆ ಆಗದು.” ಮಳವಳ್ಳಿ ನಿಲ್ದಾಣದಿಂದ ಶಿಷ್ಯನಿಗೆ ಫೋನ್ ಮಾಡಿದರು: “ಬೇಡಪ್ಪ. ಕಳಚಲಿ.”

ಮಂಡ್ಯದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಅವರ ಮಡಿಲಲ್ಲಿದ್ದ ಗಂಟನ್ನೇ ನೋಡುತ್ತಿದ್ದಳು. ಅಂಚಿನಲ್ಲಿ ಬೂದಿ ಉದುರಿತ್ತು.

“ಯಾವ ದೇವ್ರುದು ಸ್ವಾಮಿ ಇಬೂತಿ? ನಮ್ಮೆಮ್ಮೆ ಮೇವು ಬುಟ್ಬುಟ್ಟದೆ. ಒಂದ್ ಚಿಟ್ಕೆ ಕೊಡಿ.”

ಭಾವನವರು ಕಿಟಕಿಯ ಹೊರಗೆ ನೋಡಿದರು. ಕಬ್ಬಿನ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು. ಆಮೇಲೆ ಗಂಟು ಬಿಚ್ಚಿ, ಚಿಟಿಕೆಯಲ್ಲ, ಒಂದು ಹಿಡಿ ತೆಗೆದು ಅವಳ ಸೆರಗಿಗೆ ಹಾಕಿದರು.

“ಎಮ್ಮೆಯ ಹಣೆಗೆ ಮಾತ್ರ ಹಚ್ಚಮ್ಮ,” ಎಂದರು. “ಮೂಗಿಗೆ ಹೋಗಬಾರದು.”