ಮೆಣಸಿನಕಾಯಿ ಚೀಲದ ಪಕ್ಕ ಕ್ಯಾನ್ಸರ್ ಔಷಧ

"ಜಾಗಾ ನಾ ಹೇಳಿಟ್ಟೇನಿ. ನೀ ಔಷಧ ತರಿಸು, ಸಾಕು."

ಫೋನಿನಲ್ಲಿ ಬ್ಯಾಡಗಿಯ ನಮ್ಮ ಭಾವ. ಮೆಣಸಿನಕಾಯಿ ವ್ಯಾಪಾರಿ. ಯಾವ ಜಾಗ, ಯಾವ ಔಷಧ? ಕ್ಯಾನ್ಸರ್ ಲಿವರಿಗೆ ಹಬ್ಬದಂತೆ ತಡೆಯುವ 'ಆ್ಯಂಟಿಬಾಡಿ' ಸಿಕ್ಕಿದೆಯೆಂದು ಅವತ್ತಿನ ಪೇಪರಿನಲ್ಲಿ ಬಂದಿತ್ತು. ಅಂಥ ಔಷಧವನ್ನು ತಂಪಿನಲ್ಲಿಡಬೇಕೆಂದು ಯಾರೋ ಹೇಳಿದ್ದಾರೆ. ಅಷ್ಟಕ್ಕೇ ಈ ಮನುಷ್ಯ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಹಿಡಿದುಬಿಟ್ಟಿದ್ದಾರೆ! (ಘಾಟು ಉಚಿತ.)

ನಗಬಹುದಿತ್ತು. ಆದರೆ ರೋಗಿ ನನ್ನ ಅಕ್ಕ. ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ. ಇನ್ನು ಲಿವರಿಗೆ ಹೋಗದಂತೆ ಕಿಮೋ ಮುಗಿಸಬೇಕು, ಸ್ಕ್ಯಾನ್ ಮಾಡಿಸುತ್ತಿರಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಅಕ್ಕನಿಗೆ ಮಾತ್ರ ಮನೆಯವರೆಲ್ಲ ಸೇರಿ ಹೇಳಿರುವುದು, ಕರುಳಿನಲ್ಲಿ ಹುಣ್ಣು ಎಂದು.

ಹಾವೇರಿಯಿಂದ ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಈ ವಾರ ಕಿಮೋ ಇತ್ತಲ್ಲ ಎಂದರೆ ಭಾವ, "ಕ್ಯಾನ್ಸಲ್ ಮಾಡೇನಿ. ಸುಮ್ನ ಕೂದಲಾ ಉದುರಿಸೂದು ಯಾಕ? ಹೊಸಾದು ಬರಾಕತ್ತೈತಲ್ಲ" ಎಂದರು.

"ಭಾವಾ, ಅದನ್ನಿನ್ನೂ ಇಲಿ ಮ್ಯಾಲೆ ನೋಡ್ಯಾರ್ರಿ. ಮನಷ್ಯಾರಿಗೆ ಬರಾಕ ಎಷ್ಟು ವರ್ಷ ಬೇಕೋ!"

"ಇಲಿಗೆ ಹತ್ತಿದ್ದು ಮನಷ್ಯಾಗ ಹತ್ತೂದಿಲ್ಲೇನು?"

ರಾಣೆಬೆನ್ನೂರಿನಿಂದ ಬಂದಿದ್ದ ಅವರ ತಮ್ಮನೂ ಸೇರಿಕೊಂಡರು. ಬೀಜದ ಅಂಗಡಿ ಅವರದು. "ಹೊಸಾ ತಳಿ ಬರ್ತೈತಂದ್ರ ಹಳೇದು ಯಾರ ಬಿತ್ತತಾರ?"

ತಲೆ ಚಚ್ಚಿಕೊಳ್ಳುವಂತಾಯಿತು. ಪೇಪರಿನವರಿಗೂ (ನಾನೂ ಅವರಲ್ಲೊಬ್ಬ, ಬೈಯಿರಿ) ಆ ಇಲಿಯನ್ನು ಮೊದಲ ಸಾಲಿಗೇ ತಂದರೆ ಗಂಟೇನು ಹೋಗುತ್ತದೆ? ಡಾಕ್ಟರ ಮಾತಿಗಿಂತ ಹೆಡ್ಡಿಂಗ್ ದೊಡ್ಡದೆ? ಎಂದೋ ಬರುವ ಔಷಧ ನಂಬಿ ಕೈಯಲ್ಲಿರುವುದನ್ನು ಬಿಡುವುದು ಯಾವ ಜಾಣತನ? ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

ದನಿ ಏರಿಸಿಯೇ ಬೈದೆ. "ಸಾವಕಾಶೋ, ಆಕಿಗೆ ಕೇಳಸ್ತೈತಿ" ಎಂದು ಭಾವ ಬಾಗಿಲ ಕಡೆ ನೋಡಿದರು.

ಅಕ್ಕ ಅಲ್ಲೇ ನಿಂತಿದ್ದಳು. ಕೈಯಲ್ಲಿ ಆಸ್ಪತ್ರೆಯ ಚೀಲ.

"ಪೇಪರ್ ನಾನೂ ಓದೇನ್ರಿ" ಎಂದಳು ಗಂಡನಿಗೆ. "ನನಗ ಕ್ಯಾನ್ಸರ್ ಅನ್ನೂದು ಆಪರೇಷನ್ ದಿನಾನ ಗೊತ್ತಾಗೇತಿ. ಹೊಸಾ ಔಷಧ ಬರ್ಲಿ, ಚಲೋನ ಆತು. ಅದು ಬರೂತನಕ ನಾ ಇರಬೇಕಲ್ಲ? ನಡಿ ತಮ್ಮಾ, ಹುಬ್ಬಳ್ಳಿಗೆ."

ಅಷ್ಟು ಜನ ಕೂತು ಚರ್ಚೆ ಮಾಡಿದೆವಲ್ಲ, ಈ ಒಂದು ಪ್ರಶ್ನೆ ಕೇಳಲು ರೋಗಿಯೇ ಎದ್ದು ಬರಬೇಕಾಯಿತೆ?